ಒಂದೇ ಬೆಂಚಿನ ಒಂಬತ್ತು ತಪ್ಪು

ಜೇವರ್ಗಿ
3 ಫೆಬ್ರವರಿ 1986

ಶಿವಕಾಂತಾ ಟೀಚರ್ ಅವರಿಗೆ,
ಬಾಲಿಕಾ ಪ್ರೌಢಶಾಲೆ, ಆಳಂದ.

ನಮಸ್ಕಾರ. ನೀವು ನನ್ನನ್ನು ನೋಡಿದ್ದೀರಿ. ಜನವರಿ ಹನ್ನೆರಡರ ಶಿಷ್ಯವೇತನ ಪರೀಕ್ಷೆಗೆ ನಿಮ್ಮ ವಿದ್ಯಾರ್ಥಿನಿಯನ್ನು ಇಲ್ಲಿಗೆ ಕರೆತಂದಾಗ ಬಾಗಿಲಲ್ಲಿ ನಿಂತು ಹಾಜರಿ ತೆಗೆದುಕೊಂಡವನು ನಾನೇ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಈಗ ನಮ್ಮ ವಿದ್ಯಾರ್ಥಿ ಸಹಾಯಕ ಸಮಿತಿಗೆ ಪ್ರಶ್ನೆಪತ್ರಿಕೆ ತೆಗೆಯುವುದು, ಉತ್ತರ ತಿದ್ದುವುದು ನನ್ನ ಪಾಲಿನ ಕೆಲಸ.

ಹತ್ತನೆಯ ತರಗತಿಯ ಹುಡುಗಿಯರಿಗೆ ನಮ್ಮಲ್ಲಿರುವುದು ಒಂದೇ ಸ್ಥಾನ. ಅದು ಸಿಕ್ಕವಳಿಗೆ ಗುಲಬರ್ಗಾದಲ್ಲಿ ಎರಡು ವರ್ಷ ಪಿಯುಸಿ ವಿಜ್ಞಾನದ ಓದು, ಹಾಸ್ಟೆಲ್, ಪುಸ್ತಕ ಎಲ್ಲವನ್ನೂ ಸಮಿತಿ ನೋಡಿಕೊಳ್ಳುತ್ತದೆ. ಈ ಸಲ ಇಬ್ಬರಿಗೆ ಐವತ್ತಕ್ಕೆ ನಲವತ್ತೊಂದು ಬಂದಿದೆ. ಒಬ್ಬಳು ನಿಮ್ಮ ಕಿಣ್ಣಿ ಸುಲ್ತಾನದ ಗೌರಾಬಾಯಿ. ಇನ್ನೊಬ್ಬಳು ಅಫಜಲಪುರದವಳು. ಅಂಕ ಸಮವಾದರೆ ಚೀಟಿ ಎತ್ತುವುದು ನಮ್ಮ ರೂಢಿ. ಎತ್ತುವ ಮೊದಲು ಎರಡೂ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ.

ಇಬ್ಬರೂ ತಪ್ಪಿರುವುದು ಒಂಬತ್ತರಲ್ಲಿ, ಅವೇ ಒಂಬತ್ತು ಪ್ರಶ್ನೆಗಳಲ್ಲಿ. ಅಷ್ಟೇ ಆಗಿದ್ದರೆ ಪ್ರಶ್ನೆಗಳು ಕಠಿಣವಿದ್ದವು ಎನ್ನಬಹುದಿತ್ತು. ಆದರೆ ಪ್ರತಿಯೊಂದರಲ್ಲೂ ಇಬ್ಬರೂ ಗುರುತು ಹಾಕಿದ ತಪ್ಪು ಉತ್ತರವೂ ಒಂದೇ. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತೇವೆ. ಒಂದು ಸರಿ, ಮೂರು ತಪ್ಪು. ಒಬ್ಬಳು ಆರಿಸಿದ ತಪ್ಪನ್ನೇ ಇನ್ನೊಬ್ಬಳೂ ಆರಿಸುವ ಸಾಧ್ಯತೆ ಮೂರರಲ್ಲಿ ಒಂದು. ಎರಡು ಪ್ರಶ್ನೆಗಳಲ್ಲೂ ಹಾಗಾಗುವುದು ಒಂಬತ್ತರಲ್ಲಿ ಒಂದು. ಮೂರು ಪ್ರಶ್ನೆಯಾದರೆ ಇಪ್ಪತ್ತೇಳರಲ್ಲಿ ಒಂದು. ಹೀಗೆ ಒಂಬತ್ತನೆಯದರವರೆಗೆ ಗುಣಿಸಿ ನೋಡಿರಿ: ಹತ್ತೊಂಬತ್ತು ಸಾವಿರದ ಆರುನೂರ ಎಂಬತ್ತಮೂರರಲ್ಲಿ ಒಂದು. ಅದನ್ನು ಆಕಸ್ಮಿಕವೆಂದು ನಂಬುವಷ್ಟು ಭೋಳೆ ಮನುಷ್ಯ ನಾನಲ್ಲ. ಇಬ್ಬರೂ ಕೂತಿದ್ದು ಒಂದೇ ಬೆಂಚಿನ ಮೇಲೆ.

ಹುಡುಗಿಯನ್ನು ಕೇಳಿ, ಖರೆ ಏನೆಂದು ಬರೆಯಿರಿ. ಒಪ್ಪಿಕೊಂಡರೆ ಸದ್ದಿಲ್ಲದೆ ಮುಗಿಸೋಣ.

ಇತಿ,
ಜಹೀರುದ್ದೀನ


ಆಳಂದ
9 ಫೆಬ್ರವರಿ 1986

ಜಹೀರುದ್ದೀನ ಮಾಸ್ತರರಿಗೆ,

ನಮಸ್ಕಾರಗಳು. ಸದ್ದಿಲ್ಲದೆ ಮುಗಿಸೋಣ ಎಂದು ಬರೆದಿರಿ. ಪತ್ರವನ್ನು ಶಾಲೆಯ ವಿಳಾಸಕ್ಕೆ ಹಾಕಿದ್ದರಿಂದ ನನಗಿಂತ ಮೊದಲು ಅದನ್ನು ಮೂವರು ಓದಿದ್ದಾರೆ. ನಿನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರು, "ಹಳ್ಳೀ ಹುಡುಗ್ಯಾರು ಚಾಲಾಕ ಇರ್ತಾರ್ರಿ" ಎಂದು ನಕ್ಕರು. ಇನ್ನು ಮುಂದಿನದನ್ನು ಮನೆಯ ವಿಳಾಸಕ್ಕೆ ಬರೆಯಿರಿ; ಕೆಳಗೆ ಕೊಟ್ಟಿದ್ದೇನೆ.

ಗೌರಾ ಯಾರೆಂದು ನಿಮಗೆ ತಿಳಿದಿರಲಿ. ಆಕೆಯ ಅಪ್ಪ ಬೀರಲಿಂಗಪ್ಪನಿಗೆ ಊರಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಆಕೆ ಬೆಳಿಗ್ಗೆ ಗಿರಣಿಯಲ್ಲಿ ಕೈಯಾಡಿಸಿ, ಬಸ್ಸು ಹಿಡಿದು ಶಾಲೆಗೆ ಬರುತ್ತಾಳೆ. ಎಷ್ಟೋ ದಿನ ತಲೆಗೂದಲಿಗೆ ಹಿಟ್ಟು ಹತ್ತಿರುತ್ತದೆ. ಎಂಟನೆಯ ತರಗತಿಯಿಂದ ಆಕೆಗೆ ಗಣಿತ ಕಲಿಸುತ್ತಿರುವವಳು ನಾನು. ನಾನು ಆಕೆಯನ್ನು ಏನೂ ಕೇಳಿಲ್ಲ, ಕೇಳುವುದೂ ಇಲ್ಲ.

ಕೇಳಬೇಕಾದದ್ದು ನಿಮ್ಮನ್ನು. ಒಂದೇ ಬೆಂಚಿನಲ್ಲಿ ಇಬ್ಬರು ಕೂತರೆ ಅವಳು ಇವಳದನ್ನು ನೋಡಬಹುದು, ಇವಳು ಅವಳದನ್ನೂ ನೋಡಬಹುದು. ಇಂಥದೇ ಪತ್ರವನ್ನು ನೀವು ಅಫಜಲಪುರದ ಶಾಲೆಗೂ ಬರೆದಿದ್ದೀರಾ? ಗೌರಾಳ ಹೆಸರು ಹೊಡೆದುಹಾಕಿದರೆ ಚೀಟಿ ಎತ್ತುವ ಪ್ರಸಂಗವೇ ಬರುವುದಿಲ್ಲ. ಆಗ ಸ್ಥಾನ ಯಾರಿಗೆ ಹೋಗುತ್ತದೆ? ಪ್ರಶ್ನೆಪತ್ರಿಕೆಯ ಒಂದು ಪ್ರತಿಯನ್ನೂ, ಆ ಒಂಬತ್ತು ಪ್ರಶ್ನೆಗಳ ಸಂಖ್ಯೆಗಳನ್ನೂ ಕಳಿಸಿಕೊಡಿರಿ.

ಶಿವಕಾಂತಾ


ಜೇವರ್ಗಿ
15 ಫೆಬ್ರವರಿ 1986

ಶಿವಕಾಂತಾ ಟೀಚರ್ ಅವರಿಗೆ,

ಕೇಳಿದ ಪ್ರತಿಯನ್ನು ಕಳಿಸಿದ್ದೇನೆ. ಒಂಬತ್ತು ಪ್ರಶ್ನೆಗಳಿಗೂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಹುಡುಗಿಯರು ಆರಿಸಿದ ಉತ್ತರಕ್ಕೆ ಚುಕ್ಕೆ ಇದೆ.

ಅಫಜಲಪುರದ ಶಾಲೆಗೆ ನಾನು ಬರೆದಿಲ್ಲ. ಬರೆಯುವ ಅವಶ್ಯಕತೆ ಕಾಣಲಿಲ್ಲ. ಆ ಹುಡುಗಿಯ ಮನೆತನ ನನಗೆ ಗೊತ್ತು, ಆಕೆಗೆ ಪಾಠ ಹೇಗೆ ನಡೆದಿದೆ ಎಂಬುದೂ ಗೊತ್ತು. ಬೇರೆಯವರ ಹಾಳೆಯ ಕಡೆ ಕಣ್ಣು ಹಾಯಿಸುವ ಗರಜು ಆಕೆಗಿಲ್ಲ.

ನಿಮ್ಮ ಹುಡುಗಿಯನ್ನು ಕೇಳುವುದಿಲ್ಲ ಎಂದಿರಿ. ಉತ್ತರ ಏನು ಬಂದೀತೋ ಎಂದು ಅಂಜಿದವರು ಹಾಗೆ ಬರೆಯುತ್ತಾರೆ. ಹಿಟ್ಟು, ಗಿರಣಿ, ಬಸ್ಸು ಇವೆಲ್ಲ ಓದಿ ಮನಸ್ಸು ಕರಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಲೆಕ್ಕದಲ್ಲಿ ಅವಕ್ಕೆ ಜಾಗವಿಲ್ಲ. ನಾನು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಗಣಿತ ಕಲಿತವನು, ಆಮೇಲೆ ಕನ್ನಡದಲ್ಲಿ ಕಲಿಸಿದವನು. ಎರಡರಲ್ಲೂ ಒಂಬತ್ತು ಮೂರುಗಳನ್ನು ಗುಣಿಸಿದರೆ ಬರುವುದು ಅದೇ ಸಂಖ್ಯೆ.

ಜಹೀರುದ್ದೀನ


ಆಳಂದ
25 ಫೆಬ್ರವರಿ 1986

ಮಾಸ್ತರರಿಗೆ,

ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ಗುಣಿಸುವುದಕ್ಕೆ ಮೊದಲು ನೀವು ಹಿಡಿದುಕೊಂಡ ಒಂದು ಮಾತಿನಲ್ಲಿ ತಪ್ಪಿದೆ. ನೋಡಿರಿ.

ಕಳೆದ ವಾರ ನನ್ನ ಹತ್ತನೆಯ ತರಗತಿಗೆ ಆ ಒಂಬತ್ತು ಪ್ರಶ್ನೆಗಳನ್ನು ಕೊಟ್ಟೆ. ಗೌರಾಳನ್ನು ಬೇರೆ ಕೆಲಸ ಹೇಳಿ ಹೊರಗೆ ಕಳಿಸಿದ್ದೆ. ಉಳಿದ ಮೂವತ್ತಾರು ಹುಡುಗಿಯರನ್ನು ದೂರದೂರ, ವರಾಂಡದವರೆಗೂ ಕೂಡಿಸಿದೆ. ನಿಮ್ಮ ಹನ್ನೆರಡನೆಯ ಪ್ರಶ್ನೆ: ಎರಡು ನಾಣ್ಯ ಹಾರಿಸಿದರೆ ಒಂದು ಛಾಪಾ, ಒಂದು ಕಾಟಾ ಬೀಳುವ ಸಂಭವನೀಯತೆ ಎಷ್ಟು? ಇಪ್ಪತ್ತೆಂಟು ಹುಡುಗಿಯರು ತಪ್ಪಿದರು. ಅವರಲ್ಲಿ ಇಪ್ಪತ್ತಾರು ಮಂದಿ ಬರೆದದ್ದು ಮೂರರಲ್ಲಿ ಒಂದು ಎಂದು. ನಿಮ್ಮ ಇಬ್ಬರು ಬರೆದದ್ದೂ ಅದನ್ನೇ.

ಯಾಕೆ ಹಾಗೆ ಬರೆದಿರಿ ಎಂದು ಕೇಳಿದೆ. ಒಬ್ಬಳು ಎದ್ದು ನಿಂತು, "ಮೂರೇ ಅವಲ್ರಿ ಟೀಚರ್. ಎರಡೂ ಛಾಪಾ, ಎರಡೂ ಕಾಟಾ, ಇಲ್ಲಂದ್ರ ಒಂದೊಂದು" ಎಂದಳು. ಆಕೆಯ ಕೈಗೆ ಹತ್ತು ಪೈಸೆಯ ಒಂದು ನಾಣ್ಯ, ನಾಲ್ಕಾಣೆಯ ಒಂದು ನಾಣ್ಯ ಕೊಟ್ಟೆ. ಹತ್ತು ಪೈಸೆ ಛಾಪಾ, ನಾಲ್ಕಾಣೆ ಕಾಟಾ ಬೀಳುವುದೂ, ಹತ್ತು ಪೈಸೆ ಕಾಟಾ, ನಾಲ್ಕಾಣೆ ಛಾಪಾ ಬೀಳುವುದೂ ಒಂದೇ ಏನು ಎಂದು ಕೇಳಿದೆ. ಆಕೆ ಎರಡೂ ನಾಣ್ಯಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಅಲ್ರಿ, ಬ್ಯಾರೆಬ್ಯಾರೆ" ಎಂದಳು. "ಹಂಗಾರ ಒಟ್ಟು ಎಷ್ಟಾದ್ವು?" "ನಾಲ್ಕ್ರಿ. ಅದರಾಗ ನಮಗ ಬೇಕಾದ್ದು ಎರಡು." ಅರ್ಧ ಎಂಬ ಸರಿಯುತ್ತರ ಆಗ ಎಲ್ಲರಿಗೂ ಕಂಡಿತು.

ಸೀರೆಯ ಬೆಲೆಯನ್ನು ನೂರಕ್ಕೆ ಹತ್ತರಂತೆ ಏರಿಸಿ ಮತ್ತೆ ನೂರಕ್ಕೆ ಹತ್ತರಂತೆ ಇಳಿಸಿದರೆ ಎಂಬ ಪ್ರಶ್ನೆಯಲ್ಲೂ ಹೀಗೇ. ತಪ್ಪಿದವರೆಲ್ಲ ಮೊದಲಿನಷ್ಟೇ ಎಂದು ಬರೆದರು. ಇಂಥ ಏಳು ಪ್ರಶ್ನೆಗಳಲ್ಲಿ ತಪ್ಪಿದವರು ಹೆಚ್ಚುಕಡಿಮೆ ಒಂದೇ ಕಡೆ ಜಾರಿದ್ದಾರೆ. ಜಾರಲೆಂದೇ ನೀವು ಆ ಉತ್ತರಗಳನ್ನು ಇಟ್ಟಿದ್ದಿರಿ.

ಮೂರು ತಪ್ಪು ಉತ್ತರಗಳಿಗೂ ಸಮಾನ ಸಾಧ್ಯತೆ ಇದೆ ಎಂದು ಹಿಡಿದು ನೀವು ಎಣಿಸಿದಿರಿ. ನನ್ನ ಹುಡುಗಿಯರೂ ಸಮವಲ್ಲದ ಮೂರನ್ನು ಸಮವೆಂದು ಹಿಡಿದು ಎಣಿಸಿದರು. ಅವರ ಅಂಕ ಹೋಯಿತು. ನಿಮ್ಮದನ್ನು ಯಾರು ಕಳೆಯಬೇಕು?

ಶಿವಕಾಂತಾ


ಜೇವರ್ಗಿ
1 ಮಾರ್ಚ್ 1986

ಶಿವಕಾಂತಾ ಟೀಚರ್ ಅವರಿಗೆ,

ಪತ್ರವನ್ನು ಎರಡು ಸಲ ಓದಿದೆ. ನಾನು ಹಿಡಿದದ್ದು ತಪ್ಪು. ಹತ್ತೊಂಬತ್ತು ಸಾವಿರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾಣ್ಯ ಕೈಗೆ ಕೊಟ್ಟು ಕಲಿಸಿದ ರೀತಿಯೂ ಮೆಚ್ಚಿಗೆಯಾಯಿತು.

ಆದರೆ ನೀವು ಒಂಬತ್ತು ಪ್ರಶ್ನೆ ಕೊಟ್ಟೆ ಎಂದು ಶುರು ಮಾಡಿ ಏಳರ ಮಾತಾಡಿ ಮುಗಿಸಿದಿರಿ. ಉಳಿದೆರಡು ಎಲ್ಲಿ ಹೋದವು? ಮೂವತ್ತೊಂದನೆಯದು ಮತ್ತು ನಲವತ್ತನಾಲ್ಕನೆಯದು. ಗಣಿತದವರು ಸುಮ್ಮಸುಮ್ಮನೆ ಎರಡನ್ನು ಮರೆಯುವುದಿಲ್ಲ. ಅವುಗಳಲ್ಲಿ ನಿಮ್ಮ ಹುಡುಗಿಯರು ಚುಕ್ಕೆ ಇರುವ ಉತ್ತರ ಬರೆದಿಲ್ಲ ಎಂದು ನಾನು ತಿಳಿಯುತ್ತೇನೆ. ಬರೆದಿದ್ದರೆ ಮೊದಲು ಅದನ್ನೇ ಬರೆಯುತ್ತಿದ್ದಿರಿ.

ಆದ್ದರಿಂದ ಸಂಶಯ ಸಣ್ಣದಾಗಿದೆ, ಹೋಗಿಲ್ಲ. ಮಾರ್ಚ್ ಹದಿನಾರು ಭಾನುವಾರ ಗೌರಾಬಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬರ್ರಿ. ಹೊಸ ಪತ್ರಿಕೆ ಕೊಡುತ್ತೇನೆ. ಒಬ್ಬಳೇ ಕೂತು ಬರೆಯಲಿ. ನಲವತ್ತರ ಆಸುಪಾಸು ಬಂದರೆ ನಾನೇ ಸಮಿತಿಯ ಮುಂದೆ ನಿಂತು ತಪ್ಪಾಯಿತು ಎನ್ನುತ್ತೇನೆ.

ಜಹೀರುದ್ದೀನ


ಆಳಂದ
6 ಮಾರ್ಚ್ 1986

ಮಾಸ್ತರರಿಗೆ,

ನೀವು ತಿಳಿದದ್ದು ನಿಜ. ಆ ಎರಡರಲ್ಲಿ ನನ್ನ ತರಗತಿಯವರು ದಿಕ್ಕಿಗೊಬ್ಬರು ಹೋದರು. ಚುಕ್ಕೆ ಇರುವ ಉತ್ತರವನ್ನು ಯಾರೂ ಬರೆಯಲಿಲ್ಲ.

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಕೇಳುವುದಿಲ್ಲ ಎಂದು ನಿಮಗೆ ಬರೆದವಳು ಆಮೇಲೆ ಗೌರಾಳನ್ನು ಪ್ರಯೋಗಾಲಯದ ಕೋಣೆಗೆ ಕರೆದು, ಒಬ್ಬಳನ್ನೇ ಕೂಡಿಸಿ, ಅವೇ ಎರಡು ಪ್ರಶ್ನೆಗಳನ್ನು ಕೊಟ್ಟೆ. ಮೂವತ್ತೊಂದನೆಯದು ನಿಮಗೆ ನೆನಪಿದೆ: ಚೀಲದಲ್ಲಿ ಮೂರು ಕೆಂಪು, ಎರಡು ಬಿಳಿ ತೊಗರಿ, ಕಣ್ಣು ಮುಚ್ಚಿ ಎರಡು ತೆಗೆದರೆ ಎರಡೂ ಕೆಂಪಾಗುವ ಸಂಭವನೀಯತೆ ಎಷ್ಟು. ಸರಿಯುತ್ತರ ಹತ್ತರಲ್ಲಿ ಮೂರು. ಆಕೆ ಮತ್ತೆ ಐದರಲ್ಲಿ ಎರಡು ಎಂದೇ ಬರೆದಳು. ಅಂದು ಬರೆದದ್ದೇ. ನಲವತ್ತನಾಲ್ಕನೆಯದರಲ್ಲೂ ಹಾಗೇ. ನೋಡಿ ಬರೆದದ್ದು ತಲೆಯಲ್ಲಿ ಕೂತುಬಿಟ್ಟಿದೆ ಎಂದು ನನಗೆ ಅಂಜಿಕೆಯಾಯಿತು. "ಗೌರಾ, ಆ ದಿನ ಬಾಜೂದಾಕಿ ಹಾಳಿ ನೋಡಿದ್ಯೇನು?" ಎಂದು ಕೇಳಿಯೂಬಿಟ್ಟೆ. ಆಕೆ ನನ್ನ ಮುಖ ನೋಡಿದಳು. ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು. ಅಂದಿನಿಂದ ತರಗತಿಯಲ್ಲಿ ಕೈ ಎತ್ತುವುದನ್ನು ಬಿಟ್ಟಿದ್ದಾಳೆ.

ಹದಿನಾರಕ್ಕೆ ಕರೆತರುತ್ತೇನೆ. ಬೀರಲಿಂಗಪ್ಪನಿಗೆ, "ಇನ್ನೊಂದು ಪರೀಕ್ಷೆ ಅದ" ಎಂದಷ್ಟೇ ಹೇಳಿದ್ದೇನೆ.

ಶಿವಕಾಂತಾ


ಜೇವರ್ಗಿ
18 ಮಾರ್ಚ್ 1986

ಶಿವಕಾಂತಾ ಟೀಚರ್ ಅವರಿಗೆ,

ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿರಿ, ಊಟಕ್ಕೂ ನಿಲ್ಲದೆ ಹೋದಿರಿ. ನನಗೆ ಸರಿಯೆನಿಸಲಿಲ್ಲ.

ಫಲಿತಾಂಶ ಬರೆಯಲು ಕೈ ಬರುತ್ತಿಲ್ಲ. ಎರಡು ಸಲ ತಿದ್ದಿದೆ. ಐವತ್ತಕ್ಕೆ ಇಪ್ಪತ್ತೆರಡು. ಪ್ರಶ್ನೆಗಳು ಹಿಂದಿನವುಗಳಿಗಿಂತ ಸುಲಭವಾಗಿದ್ದವು. ಗಡಿಬಿಡಿ ಇರಲಿಲ್ಲ, ಪಡಸಾಲೆಯಲ್ಲಿ ನೆರಳಿತ್ತು, ಯಾರೂ ಬೆನ್ನ ಹಿಂದೆ ನಿಂತಿರಲಿಲ್ಲ. ಒಬ್ಬಳೇ ಕೂತಾಗ ಇಪ್ಪತ್ತೆರಡು, ಬಾಜೂ ಒಬ್ಬಳು ಇದ್ದಾಗ ನಲವತ್ತೊಂದು. ಇದಕ್ಕೆ ಬೇರೆ ಅರ್ಥವಿದ್ದರೆ ನೀವೇ ಹೇಳಿರಿ. ನನಗಂತೂ ಹೊಳೆಯುತ್ತಿಲ್ಲ.

ಈ ತಿಂಗಳ ಕೊನೆಗೆ ಸಮಿತಿ ಸೇರುತ್ತದೆ. ನಿಮ್ಮ ಶಾಲೆಯ ಹೆಸರು ಬರದಂತೆ ನೋಡಿಕೊಳ್ಳುತ್ತೇನೆ.

ಜಹೀರುದ್ದೀನ


ಆಳಂದ
23 ಮಾರ್ಚ್ 1986

ಜಹೀರುದ್ದೀನ ಮಾಸ್ತರರಿಗೆ,

ಬೇರೆ ಅರ್ಥ ಇದೆ. ಕೂತು ಓದಿರಿ.

ನಿಮ್ಮ ಪತ್ರ ಬಂದ ದಿನವೇ ನಾನು ಕಿಣ್ಣಿ ಸುಲ್ತಾನಕ್ಕೆ ಹೋದೆ. ಗಿರಣಿ ನಡೆದಿತ್ತು, ಮಾತು ಕೇಳಿಸುತ್ತಿರಲಿಲ್ಲ. ನನ್ನ ಮುಖ ನೋಡಿ ಬೀರಲಿಂಗಪ್ಪ ಮೋಟಾರು ನಿಲ್ಲಿಸಿದ. ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರು ಬುಟ್ಟಿ ಬಿಟ್ಟು ಹೊರಗೆ ಸರಿದು ನಿಂತರು. ಇಪ್ಪತ್ತೆರಡು ಹೇಗೆ ಬಂತು ಎಂದು ಗೌರಾಳನ್ನು ಕೇಳಿದೆ.

"ಬೇಕಂತನ ಬರದೀನ್ರಿ" ಎಂದಳು.

"ಬೇಕಂತ ಅಂದ್ರ?"

"ಹಿಂದಿನ ಸಲ ನನ್ನ ಉತ್ತರ ಇನ್ನೊಬ್ಬಾಕಿ ಉತ್ತರದಂಗ ಅದ ಅಂತ ತಾನೇ ಕಳ್ಳಿ ಅಂದ್ರಿ? ಈ ಸಲ ಆಕಿ ಏನು ಬರೀತಾಳಂತ ವಿಚಾರ ಮಾಡಿ, ಅದನ್ನ ಬಿಟ್ಟು ಬ್ಯಾರೆ ಬರದೆ. ಸರಿ ಉತ್ತರ ಆಕೀಗೂ ಗೊತ್ತಿರ್ತದ ಅನಿಸಿದಲ್ಲೆಲ್ಲಾ ಸರೀದೂ ಬಿಟ್ಟೆ."

"ಆಕಿ ಯಾರು? ಅಲ್ಲಿ ನೀನು ಒಬ್ಬಾಕೀನ ಇದ್ದಿ."

"ಒಬ್ಬಾಕೀನ ಇರಲಿಲ್ರಿ. ನೀರು ತಂದು ಕೊಟ್ಟಾಕಿ ಅಕೀನೇ. ಬೆಂಚಿನ ಮ್ಯಾಲೆ ನನ್ನ ಬಾಜೂ ಕುಂತಾಕಿ. ನನ್ನ ಮಾರಿ ನೋಡಿ ಗಿಲಾಸದಾಗಿನ ನೀರು ಚೆಲ್ಲಿದ್ಲು. ಒಳಗ ಹೋಗಿ ಮಾಸ್ತರಿಗೆ ನಾನಾ ಅಂತ ಕರದ್ಲು."

ನಾನು ನಿಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದೆ, ನೋಡಲಿಲ್ಲ. ಅಫಜಲಪುರದ ಹುಡುಗಿಯ ಮನೆತನ ಗೊತ್ತು ಎಂದು ನೀವು ಬರೆದಿದ್ದಿರಿ. ನೀವು ಆಕೆಯ ನಾನಾ, ಆಕೆ ನಿಮ್ಮ ಮಗಳ ಮಗಳು ಎಂದು ಬರೆಯಲಿಲ್ಲ.

ಗೌರಾ ಹೇಳುತ್ತಾಳೆ: ಪರೀಕ್ಷೆ ಮುಗಿಯುವ ಹೊತ್ತಿಗೆ ಆ ಹುಡುಗಿ ಎರಡು ಮೂರು ಸಲ ತನ್ನ ಹಾಳೆಯ ಕಡೆ ಬಗ್ಗಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀವು ನನ್ನ ಕೋಣ್ಯಾಗ ಕುಂಡ್ರಿಸಿ, ನೋಡಿದ್ಯೇನು ಅಂತ ಕೇಳಿದ್ರಿ. ನೀವ ನಂಬಲಿಲ್ಲಂದ ಮ್ಯಾಲೆ ಜೇವರ್ಗ್ಯಾಗ ಯಾರು ನಂಬ್ತಾರಂತ ಹೇಳ್ಲಿ?" ಬೀರಲಿಂಗಪ್ಪ ಮಗಳನ್ನೂ ನನ್ನನ್ನೂ ನೋಡಿ ಮೋಟಾರಿನ ಕಡೆ ಹೋದ.

ಕೋಣೆಯಲ್ಲಿ ಕೇಳದೆ ಬಿಟ್ಟದ್ದನ್ನು ಅಲ್ಲಿ ಕೇಳಿದೆ: ಐದರಲ್ಲಿ ಎರಡು ಹೇಗೆ ಬಂತು? ಆಕೆ ಕಾಳುಗಳನ್ನೇ ನೆಲದ ಮೇಲಿಟ್ಟು ತೋರಿಸಿದಳು. ಐದು ಕಾಳಿಗೆ ಹತ್ತು ಜೋಡಿ ಎಂಬುದು ಆಕೆಗೆ ಗೊತ್ತು. ಕೆಂಪು ಜೋಡಿ ಎಣಿಸುವಾಗ ಮೊದಲನೆಯದು-ಮೂರನೆಯದು ಒಂದು ಜೋಡಿ, ಮೂರನೆಯದು-ಮೊದಲನೆಯದು ಇನ್ನೊಂದು ಜೋಡಿ ಎಂದು ಎರಡು ಸಲ ಹಿಡಿದಳು. ಮೂರರ ಬದಲು ನಾಲ್ಕಾಯಿತು. ಹತ್ತರಲ್ಲಿ ನಾಲ್ಕು ಎಂದರೆ ಐದರಲ್ಲಿ ಎರಡು. ತಪ್ಪೇ, ಆದರೆ ಆಕೆಯದೇ ತಪ್ಪು. ನಿಮ್ಮ ಮೊಮ್ಮಗಳು ಅದೇ ಉತ್ತರಕ್ಕೆ ಯಾವ ದಾರಿಯಿಂದ ಬಂದಳೆಂದು ಕೇಳಿರಿ.

ಎರಡು ಹಾಳೆ ಒಂದೇ ಥರ ಇದ್ದರೆ ಅವಳು ಇವಳದನ್ನು ನೋಡಿರಬಹುದು, ಅಥವಾ ಇವಳು ಅವಳದನ್ನು. ಸಾಧ್ಯತೆ ಎರಡು. ಹತ್ತೊಂಬತ್ತು ಸಾವಿರದವರೆಗೆ ಎಣಿಸಿದವರು ಈ ಎರಡನ್ನು ಯಾಕೆ ಎಣಿಸಲಿಲ್ಲ?

ಶಿವಕಾಂತಾ


ಜೇವರ್ಗಿ
20 ಏಪ್ರಿಲ್ 1986

ಶಿವಕಾಂತಾ ಟೀಚರ್ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ಮೊದಮೊದಲು ಸಿಟ್ಟಿತ್ತು. ಆಮೇಲೆ ಮೊಮ್ಮಗಳು ಶಮ್ಸುನ್ನಿಸಾಳ ಹತ್ತನೆಯ ತರಗತಿಯ ಪರೀಕ್ಷೆಗಳು ನಡೆದಿದ್ದವು. ಮುಗಿಯುವವರೆಗೆ ಕೇಳಬಾರದು ಎಂದುಕೊಂಡೆ. ಸಮಿತಿಯ ಸಭೆಯನ್ನೂ ಅದಕ್ಕಾಗಿ ಮುಂದೆ ಹಾಕಿಸಿದೆ. ನಿಮ್ಮ ಹುಡುಗಿಗೆ ನಾನು ಅಷ್ಟು ತಾಳ್ಮೆ ತೋರಿಸಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು.

ಆಕೆ ನನ್ನ ಮೊಮ್ಮಗಳು ಎಂಬುದು ಸಮಿತಿಯ ಎಲ್ಲರಿಗೂ ಗೊತ್ತಿತ್ತು. ಮಾಸ್ತರು ಮನೆಯವರಿಗೂ ಅರ್ಧ ಅಂಕ ಹೆಚ್ಚು ಹಾಕುವವರಲ್ಲ ಎಂದು ನಕ್ಕಿದ್ದರು. ನಿಮಗೆ ಬರೆದರೆ ನೀವು ಲೆಕ್ಕವನ್ನು ಬಿಟ್ಟು ನನ್ನ ಮೇಲೆ ಸಂಶಯಪಡುತ್ತೀರಿ ಎಂದು ಬರೆಯಲಿಲ್ಲ. ಎರಡನೆಯ ಸಾಧ್ಯತೆಯನ್ನು ಯಾಕೆ ಎಣಿಸಲಿಲ್ಲ ಎಂದು ಕೇಳಿದಿರಿ. ಅದು ಮನಸ್ಸಿಗೆ ಬರಲೇ ಇಲ್ಲ. ಬಂದು, ಬೇಕೆಂದೇ ಕೈಬಿಟ್ಟಿದ್ದರೆ ಬೇರೆ ಮಾತಿತ್ತು.

ಪರೀಕ್ಷೆ ಮುಗಿಸಿ ಇಲ್ಲಿಗೆ ಬಂದ ಶಮ್ಸುವನ್ನು ಹೋದ ವಾರ ಕರೆದು ಮೂವತ್ತೊಂದನೆಯ ಪ್ರಶ್ನೆ ಇಟ್ಟು, "ಐದರಾಗ ಎರಡು ಹ್ಯಾಂಗ ಬಂತು ಬೇಟಾ, ತೋರಸು" ಎಂದೆ. ಪೆನ್ಸಿಲ್ ಹಿಡಿದು ಒಂದಷ್ಟು ಹೊತ್ತು ಕೂತಳು. ಏನೋ ಬರೆದಳು, ಅಳಿಸಿದಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಇದು ನಂದಲ್ರಿ ನಾನಾ" ಎಂದಳು.

"ಯಾರದು?"

"ಆಕೀದು. ಎರಡು ಖಾಲಿ ಉಳದಿದ್ವು. ಗಂಟಿ ಹೊಡದ್ರು. ಆಕಿ ಹಾಳಿ ನನ್ನ ಕಡೇನೇ ಇತ್ತು."

"ಬಾಕಿ ಏಳು?"

"ಅವು ನನ್ನ ತಪ್ಪೇ."

ನಿಮ್ಮ ಏಳು, ನಿಮ್ಮ ಎರಡು. ಹಾಗೆಯೇ ಬಂತು.

ಸಮಿತಿಯಲ್ಲಿ ಹೇಳಿದೆ. ಚಮನಸಾಬರು ನಮ್ಮ ಅಧ್ಯಕ್ಷರು. ಅವರೆಂದರು: "ನೋಡಿ ಬರದಿದ್ದೂ ತಪ್ಪು ಉತ್ತರನೇ ಆತಲ್ರಿ ಮಾಸ್ತರ. ಒಂದು ಅಂಕ ಸೈತ ಸಿಕ್ಕಿಲ್ಲ. ನೋಡದಿದ್ರೂ ನಲವತ್ತೊಂದೇ. ಬಿಟ್ಟುಬಿಡ್ರಿ, ಚೀಟಿ ಎತ್ತೋಣ." ಒಂದು ಕ್ಷಣ ನನಗೂ ಹಾಗೆ ಬೇಕೆನಿಸಿತು. ಆದರೆ ಗೌರಾಬಾಯಿಗೆ ಎರಡನೆಯ ಪರೀಕ್ಷೆ ಕೊಟ್ಟಾಗ ನಾವು ಬಿಟ್ಟಿರಲಿಲ್ಲವಲ್ಲ. ಶಮ್ಸುವಿನ ಪತ್ರಿಕೆಯನ್ನು ರದ್ದು ಮಾಡಿರೆಂದು ನಾನೇ ಬರೆದುಕೊಟ್ಟೆ. ಗೌರಾಬಾಯಿಯ ಮೊದಲ ಪತ್ರಿಕೆ ನಿಂತಿದೆ. ಆರೋಪವೇ ಹೋದ ಮೇಲೆ ಎರಡನೆಯದಕ್ಕೆ ಲೆಕ್ಕವಿಲ್ಲ. ಸ್ಥಾನ ಆಕೆಯದು, ಸಮಿತಿಯ ಪತ್ರ ಪ್ರತ್ಯೇಕವಾಗಿ ಬರುತ್ತದೆ, ಶಾಲೆಯ ವಿಳಾಸಕ್ಕೇ. ಎಲ್ಲರೂ ಓದಲಿ.

ಮಗಳು ಸರ್ವರಬೇಗಂ ಅಫಜಲಪುರದಿಂದ ಬಂದು ಶಮ್ಸುವನ್ನು ಕರೆದುಕೊಂಡು ಹೋದಳು. ಹೋಗುವಾಗ, "ಮಂದಿ ಮಕ್ಕಳ ಸಲುವಾಗಿ ಮನೀ ಕೂಸಿನ ಮಾನ ಕಳದ್ರಿ ಅಬ್ಬಾ. ಇನ್ನ ಆಕಿ ಓದೂದು ಸಾಕು" ಎಂದಳು. ಪ್ರಶ್ನೆಪತ್ರಿಕೆ ತೆಗೆಯುವ ಕೆಲಸ ಬಿಟ್ಟಿದ್ದೇನೆ.

ಜಹೀರುದ್ದೀನ


ಆಳಂದ
22 ಜೂನ್ 1986

ಜಹೀರುದ್ದೀನ ಮಾಸ್ತರರಿಗೆ,

ನಮಸ್ಕಾರಗಳು. ಗೌರಾ ಪ್ರಥಮ ದರ್ಜೆಯಲ್ಲಿ ಪಾಸಾಗಿ, ಹೋದ ವಾರ ಹಾಸ್ಟೆಲಿಗೆ ಹೋದಳು. ಅಂದು ಬೀರಲಿಂಗಪ್ಪ ಒಂದು ಚೀಲ ಜೋಳದ ಹಿಟ್ಟು ತಂದು ನಮ್ಮ ಬಾಗಿಲಲ್ಲಿಟ್ಟ. ಗೌರಾ ಎಲ್ಲಿ ಎಂದೆ. ನೆಲ ನೋಡುತ್ತ, "ಬಸ್ ಸ್ಟ್ಯಾಂಡಿನಾಗ ಕುಂತಾಳ್ರಿ. ಟೀಚರ್ ಕಡೆ ಹೋಗಿ ಬಾ ಅಂದ್ರ ಒಲ್ಲೆ ಅಂದ್ಲು" ಎಂದ. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಹೋಗಿದ್ದರೆ ಆಕೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದಳು. ಅದು ನನಗೆ ಬೇಡವಾಗಿತ್ತು. ನಿಮ್ಮ ಪತ್ರ ಬರುವ ಮೊದಲು ಆಕೆ ನನಗೆ ಎಲ್ಲವನ್ನೂ ಹೇಳುತ್ತಿದ್ದಳು. ನೀವು ಸಂಶಯಪಟ್ಟಿರಿ, ನೀವು ಆಕೆಗೆ ಯಾರೂ ಅಲ್ಲ. ನಾನು ಪಟ್ಟದ್ದು ಬೇರೆ.

ಶಮ್ಸುನ್ನಿಸಾಳ ಪರೀಕ್ಷಾ ನಂಬರು ತರಿಸಿಕೊಂಡು ಫಲಿತಾಂಶವನ್ನು ಪತ್ರಿಕೆಯಲ್ಲಿ ಹುಡುಕಿ ನೋಡಿದೆ. ಆಕೆಯದೂ ಪ್ರಥಮ ದರ್ಜೆ. ಓದು ನಿಂತಿತೇ? ಆಕೆಯ ಸೋದರತ್ತೆಯ ಮನೆ ಆಳಂದದಲ್ಲೇ ಇದೆ ಎಂದು ಇಲ್ಲಿ ಒಬ್ಬರಿಂದ ಕೇಳಿದೆ. ಅಲ್ಲಿದ್ದುಕೊಂಡು ಇಲ್ಲಿಯ ಕಾಲೇಜಿಗೆ ಸೇರಬಹುದು. ಸಂಜೆ ನನ್ನ ಹತ್ತಿರ ಬಂದರೆ ಗಣಿತ ಹೇಳಿಕೊಡುತ್ತೇನೆ. ಗಂಟೆ ಹೊಡೆಯುವವರೆಗೆ ಖಾಲಿ ಬಿಟ್ಟ ಎರಡು ಪ್ರಶ್ನೆಗಳಿಗಾಗಿ ಒಬ್ಬ ಹುಡುಗಿ ಮನೆಯಲ್ಲಿ ಕೂಡುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಮಗಳಿಗೆ ಹೇಳಿ ನೋಡಿರಿ.

ಶಿವಕಾಂತಾ


ಜೇವರ್ಗಿ
3 ಜುಲೈ 1986

ಶಿವಕಾಂತಾ ಟೀಚರ್ ಅವರಿಗೆ,

ನಿಮ್ಮ ಪತ್ರದಲ್ಲಿ ಏನು ಅಡಗಿದೆ ಎಂದು ಬಹಳ ಹುಡುಕಿದೆ. ಚುಚ್ಚುಮಾತೋ, ಕನಿಕರವೋ, ಹುಡುಗಿಯನ್ನು ಕಣ್ಣೆದುರು ಇಟ್ಟುಕೊಂಡು ಪರೀಕ್ಷಿಸುವ ಮನಸ್ಸೋ. ಈ ವರ್ಷ ನನಗೆ ಹಿಡಿದ ಚಾಳಿ ಇದು. ಏನೂ ಸಿಗಲಿಲ್ಲ. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಅಫಜಲಪುರದ ಬಸ್ಸು ಹತ್ತಿದೆ.

ಸರ್ವರಬೇಗಂ ಮೊದಲ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಎರಡನೆಯ ದಿನ ಪತ್ರವನ್ನು ತಾನೇ ಕೇಳಿ ಇಸಿದುಕೊಂಡು, ಅಡಿಗೆಮನೆಯಲ್ಲಿ ನಿಂತು ಓದಿದಳು. "ಹಿಟ್ಟು ಕೊಟ್ಟು ಹೋದವರ ಮಾತು ಯಾಕ ಬರದಾರ ನಮಗ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಶಮ್ಸುವನ್ನು ಕರೆದು, "ನಾನಾ ಏನೋ ಕೇಳ್ತಾರ, ಕೇಳು" ಎಂದಳು.

ಆಳಂದಕ್ಕೆ ಹೋಗಿ ಈ ಟೀಚರ್ ಹತ್ತಿರ ಓದುತ್ತೀಯಾ ಎಂದು ಕೇಳಿದೆ. ಶಮ್ಸು ಕೇಳಿದಳು:

"ಅವರಿಗೆ ಗೊತ್ತದ ಏನ್ರಿ ನಾನಾ?"

"ಗೊತ್ತದ."

"ಎಲ್ಲಾ?"

"ಎಲ್ಲಾ ಗೊತ್ತದ."

ಆಕೆಯ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಹಂಗಾರ ಹೋಗ್ತೇನಿ" ಎಂದಳು ಶಮ್ಸು. "ಇಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಾರೂ ಶಾಣ್ಯಾ ಹುಡುಗಿ, ಶಾಣ್ಯಾ ಹುಡುಗಿ ಅಂತಾರ. ಅದನ್ನ ಕೇಳಕೋತ ಕುಂಡ್ರೂದು ನನ್ನ ಕಡಿಂದ ಆಗವಲ್ದು."

ಸೋಮವಾರ ಬೆಳಗಿನ ಬಸ್ಸಿಗೆ ಕರೆತರುತ್ತೇನೆ.

ಜಹೀರುದ್ದೀನ